ಬೆಳಗಿನ ಏಳಕ್ಕೆ ಮನಸೂರರ ಹಾಡು: ಆಲಿಕೆಯ ಬೈಠಕ್ ನಡೆಸುವ ಬಗೆ

ತೀರಿಹೋದ ಗಾಯಕರ ಹೆಸರಿನಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ನಡೆಯುವ ಎಷ್ಟೋ ಕಾರ್ಯಕ್ರಮಗಳಲ್ಲಿ ಆ ಗಾಯಕರ ಧ್ವನಿಯೊಂದನ್ನು ಬಿಟ್ಟು ಉಳಿದೆಲ್ಲರ ಧ್ವನಿಯೂ ಕೇಳಿಸುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಉದ್ಘಾಟಕರ ಭಾಷಣ, ಸನ್ಮಾನ, ಸನ್ಮಾನಿತರ ಪರವಾಗಿ ಒಬ್ಬರ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ, ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಹಾಡು ಕೇಳಲೆಂದು ಬಂದವರು ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ. ಹಿಂದೂಸ್ಥಾನಿ ಗಾಯಕರಾದ ಪಂಡಿತ ಮಲ್ಲಿಕಾರ್ಜುನ ಮನಸೂರರ ಹಾಡಿಕೆಯನ್ನು ಮೆಚ್ಚುವ ನಾವು ಕೆಲವರು ಧಾರವಾಡದಲ್ಲಿ ವರ್ಷಕ್ಕೊಮ್ಮೆ ಸೇರುತ್ತೇವೆ. ಅಲ್ಲಿ ವೇದಿಕೆಯೂ ಇರುವುದಿಲ್ಲ, ಮುಖ್ಯ ಅತಿಥಿಯೂ ಇರುವುದಿಲ್ಲ. ಅವರ ಧ್ವನಿಮುದ್ರಿಕೆಗಳನ್ನು ಹಾಕಿ, ಜಮಖಾನದ ಮೇಲೆ ಕುಳಿತು ಕೇಳಿ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಹೇಳುವಾಗ ಸುಲಭವೆನಿಸಿದರೂ ಇದನ್ನು ಸರಿಯಾಗಿ ನಡೆಸುವುದಕ್ಕೆ ನಮಗೆ ಮೂರು ವರ್ಷ ಹಿಡಿಯಿತು. ಗದಗಿನಲ್ಲೋ ಹಾವೇರಿಯಲ್ಲೋ ತಮ್ಮ ಮೆಚ್ಚಿನ ಗಾಯಕರಿಗಾಗಿ ಇಂಥ ಬೈಠಕ್ ಏರ್ಪಡಿಸಬೇಕೆಂದು ಇರುವವರಿಗೆ ಆ ಮೂರು ವರ್ಷಗಳ ಪಾಠ ಉಪಯೋಗವಾಗಬಹುದೆಂದು ವಿವರವಾಗಿ ಬರೆಯುತ್ತಿದ್ದೇನೆ.

ದಿನ ಮತ್ತು ಹೊತ್ತು

ಮನಸೂರರು ಧಾರವಾಡದ ಹತ್ತಿರದ ಮನಸೂರ ಎಂಬ ಹಳ್ಳಿಯಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿದರು, 1992ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಹುಟ್ಟಿದ ದಿನವನ್ನು ಆರಿಸಿಕೊಂಡರೆ ಹೊಸ ವರ್ಷದ ಗದ್ದಲ, ಪುಣ್ಯತಿಥಿಯನ್ನು ಆರಿಸಿಕೊಂಡರೆ ಗಣಪತಿ ಹಬ್ಬದ ಗದ್ದಲ, ಎರಡರಲ್ಲಿ ಒಂದು ತಪ್ಪಿದ್ದಲ್ಲ. ನಾವು ಮೊದಲ ವರ್ಷ ಸೆಪ್ಟೆಂಬರಿನ ಒಂದು ಸಂಜೆ ಐದೂವರೆಗೆ ಬೈಠಕ್ ಇಟ್ಟುಕೊಂಡೆವು. ಕರೆದ ಅತಿಥಿಗಳು ಐವತ್ತು ನಿಮಿಷ ತಡವಾಗಿ ಬಂದು ಇಪ್ಪತ್ತೈದು ನಿಮಿಷ ಮಾತನಾಡಿದರು, ಮೊದಲ ರಾಗದ ನಡುವೆ ಕರೆಂಟು ಹೋಯಿತು, ಅದು ಬರುವಷ್ಟರಲ್ಲಿ ಓಣಿಯ ಗಣಪತಿಯ ಮೆರವಣಿಗೆ ಡೋಲಿನ ಸಮೇತ ಕಿಟಕಿಯ ಕೆಳಗೆ ಬಂದು ನಿಂತಿತು. ಆ ಸಂಜೆ ಪೂರ್ತಿ ಕೇಳಲು ಸಿಕ್ಕದ್ದು ಎರಡೇ ರಾಗ.

ಎರಡನೆಯ ವರ್ಷದಿಂದ ಬೈಠಕ್ಕನ್ನು ಬೆಳಗಿಗೆ ಒಯ್ದೆವು, ಮತ್ತು ಈ ಬರಹದಲ್ಲಿ ನಾನು ಕೊಡುವ ಸಲಹೆಗಳಲ್ಲಿ ಒಂದನ್ನು ಮಾತ್ರ ಪಾಲಿಸುವುದಾದರೆ ಇದನ್ನೇ ಪಾಲಿಸಿರೆಂದು ಕೇಳಿಕೊಳ್ಳುತ್ತೇನೆ. ಸೆಪ್ಟೆಂಬರ್ ನಡುವಿನಲ್ಲಿ ಧಾರವಾಡದಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರು ಗಂಟೆ ಇಪ್ಪತ್ತು ನಿಮಿಷಕ್ಕೆ. ಪುಣ್ಯತಿಥಿಗೆ ಹತ್ತಿರದ ಭಾನುವಾರ ಬೆಳಿಗ್ಗೆ ಏಳಕ್ಕೆ ಮೊದಲ ಮುದ್ರಿಕೆ ಶುರುವಾಗುವಂತೆ ಇಟ್ಟುಕೊಂಡರೆ ರಸ್ತೆಯಲ್ಲಿ ವಾಹನಗಳಿರುವುದಿಲ್ಲ, ಪೆಂಡಾಲಿನ ಹುಡುಗರು ಇನ್ನೂ ಮಲಗಿರುತ್ತಾರೆ, ಗಾಳಿ ತಂಪಾಗಿರುವುದರಿಂದ ಫ್ಯಾನ್ ಬೇಕಾಗುವುದಿಲ್ಲ. ಬೆಳಗಿನ ಏಳಕ್ಕೆ ಯಾವ ಗಣ್ಯರೂ ಭಾಷಣಕ್ಕೆ ಒಪ್ಪುವುದಿಲ್ಲವೆಂಬುದು ಇದರ ಇನ್ನೊಂದು ಲಾಭ. ಯಾರನ್ನೂ ನೋಯಿಸದೆ ಭಾಷಣಗಳನ್ನು ಕೈಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಆದರೆ ಬೆಳಗನ್ನು ಆರಿಸಿಕೊಳ್ಳುವುದಕ್ಕೆ ನಿಜವಾದ ಕಾರಣ ಸಂಗೀತದಲ್ಲೇ ಇದೆ. ಹಿಂದೂಸ್ಥಾನಿ ಪದ್ಧತಿಯಲ್ಲಿ ರಾಗಕ್ಕೆ ಹೊತ್ತು ಉಂಟು, ಮತ್ತು ಸಂಜೆಯ ಕಛೇರಿಗಳೇ ಹೆಚ್ಚಾದ್ದರಿಂದ ಬೆಳಗಿನ ರಾಗಗಳನ್ನು ಅವುಗಳ ಹೊತ್ತಿನಲ್ಲಿ ಕೇಳುವ ಅವಕಾಶ ಇಂದಿನ ಕೇಳುಗರಿಗೆ ಬಹಳ ಕಡಿಮೆ. ಮನಸೂರರು ಹಾಡಿರುವ ಶಿವಮತ ಭೈರವ, ಖಟ್, ಬಹಾದುರಿ ತೋಡಿ, ಲಚ್ಛಾಸಾಖ್, ಯಮನಿ ಬಿಲಾವಲ್ ಇವೆಲ್ಲ ಬೆಳಗಿನವು. ಇವುಗಳನ್ನು ರಾತ್ರಿ ಊಟದ ನಂತರ ಮೊಬೈಲಿನಲ್ಲಿ ಕೇಳಿದವರು ಒಮ್ಮೆ ಎಳೆಬಿಸಿಲು ಒಳಗೆ ಬರುವ ಪಡಸಾಲೆಯಲ್ಲಿ ಕುಳಿತು ಕೇಳಬೇಕು. ನಿಮ್ಮ ಗಾಯಕರು ಬೇರೆಯವರಾಗಿದ್ದರೆ ಅವರ ಮುದ್ರಿಕೆಗಳಲ್ಲಿ ಯಾವ ಹೊತ್ತಿನ ರಾಗಗಳು ಚೆನ್ನಾಗಿವೆ ಎಂಬುದನ್ನು ಮೊದಲು ನೋಡಿ, ಆಮೇಲೆ ಹೊತ್ತನ್ನು ಗೊತ್ತುಮಾಡಿ.

ಸಂಜೆಯೇ ಆಗಬೇಕೆನ್ನುವವರು ಸೂರ್ಯಾಸ್ತದ ಲೆಕ್ಕ ಹಾಕಬೇಕು. ಅದೇ ದಿನಗಳಲ್ಲಿ ಸೂರ್ಯ ಮುಳುಗುವುದು ಆರೂವರೆಯ ಸುಮಾರಿಗೆ. ಐದೂವರೆಗೆ ಮುಲ್ತಾನಿ, ಆರೂಕಾಲಿಗೆ ಶ್ರೀ ಅಥವಾ ಗೌರಿ, ಕತ್ತಲಾದ ಮೇಲೆ ಯಮನ್ ಕಡೆಯ ರಾಗಗಳು, ಆಮೇಲೆ ನಟ್ ಮತ್ತು ಬಿಹಾಗಡಾ, ಹೀಗೆ ಸಾಗಬಹುದು. ಮಳೆಗಾಲ ಇನ್ನೂ ಮುಗಿದಿರುವುದಿಲ್ಲವಾದ್ದರಿಂದ ಮಲ್ಹಾರ ಪ್ರಕಾರಗಳಿಗೆ ಹೊತ್ತಿನ ಕಟ್ಟು ಅಷ್ಟಾಗಿ ಇಲ್ಲ, ಹೊರಗೆ ಮಳೆ ಹಿಡಿದರೆ ಯಾವಾಗಲಾದರೂ ಒಂದನ್ನು ಹಾಕಬಹುದು.

ಮುದ್ರಿಕೆಗಳನ್ನು ಕೂಡಿಸುವುದು

ಇದು ಎರಡು ತಿಂಗಳ ಕೆಲಸ, ಮತ್ತು ಬೈಠಕ್ಕಿನ ಗುಣ ನಿರ್ಧಾರವಾಗುವುದು ಇಲ್ಲಿಯೇ. ಮನಸೂರರ ಧ್ವನಿ ನಮಗೆ ಉಳಿದುಬಂದಿರುವುದು ಮೂರು ನಾಲ್ಕು ಬಗೆಯಲ್ಲಿ. 1930ರ ದಶಕದಲ್ಲಿ ಹೊರಬಂದ, ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳು ಮೊದಲನೆಯವು. ಇವುಗಳ ಒಂದು ಬದಿಗೆ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಹಿಡಿಸುತ್ತದೆ. ಆಮೇಲೆ ಬಂದವು ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಿಡಿಸುವ ಉದ್ದ ತಟ್ಟೆಗಳು (ಎಲ್‌ಪಿ), ನಂತರ ಕ್ಯಾಸೆಟ್ಟುಗಳು. ಇವುಗಳಲ್ಲದೆ ಆಕಾಶವಾಣಿಯ ಪ್ರಸಾರದಿಂದಲೋ ಮನೆಯ ಬೈಠಕ್ಕುಗಳಲ್ಲೋ ರಸಿಕರು ತಾವೇ ಹಿಡಿದಿಟ್ಟುಕೊಂಡ ಟೇಪುಗಳುಂಟು. ಧಾರವಾಡದ ಆಕಾಶವಾಣಿ 1950ರಲ್ಲಿ ಶುರುವಾದದ್ದು, ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದವರು. ಆದ್ದರಿಂದ ಈ ಭಾಗದ ಹಳೆಯ ಮನೆಗಳ ಅಟ್ಟದ ಮೇಲೆ ಇಂಥ ಟೇಪುಗಳು ಸಿಗುವುದು ಆಶ್ಚರ್ಯವಲ್ಲ.

ಯಾರಾದರೂ ಕ್ಯಾಸೆಟ್ಟು ಕೊಟ್ಟರೆ ಮನೆಗೆ ತಂದ ಕೂಡಲೇ ಯಂತ್ರಕ್ಕೆ ಹಾಕಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಸು ಹಿಡಿದಿರುತ್ತದೆ. ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿಯಂತೆ ಕಂಡರೆ ಅದೇ. ಅಂಥದ್ದನ್ನು ನುಡಿಸಿದರೆ ಆ ಟೇಪೂ ಹಾಳು, ಯಂತ್ರದ ಹೆಡ್ಡಿಗೆ ಮೆತ್ತಿಕೊಂಡ ಬೂಸು ಮುಂದಿನ ಟೇಪಿಗೂ ಅಂಟುತ್ತದೆ. ಇಂಥವನ್ನು ತಿಳಿದವರ ಕೈಗೆ ಕೊಡುವುದೇ ಸರಿ. ಚೆನ್ನಾಗಿರುವ ಟೇಪನ್ನು ಸಹ ಮೊದಲು ಒಂದು ಸಲ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ ಸಡಿಲಿಸಿಕೊಂಡು, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಆಮೇಲೆ ನುಡಿಸಬೇಕು. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೌಕಗಳನ್ನು ಮುರಿದುಬಿಟ್ಟರೆ ತಪ್ಪಿ ಕೆಂಪು ಗುಂಡಿ ಒತ್ತಿದರೂ ಅದರ ಮೇಲೆ ಬೇರೆ ಏನೂ ಮುದ್ರಣವಾಗುವುದಿಲ್ಲ. ಕೊಟ್ಟವರ ಅಪ್ಪಣೆ ಕೇಳಿ ಇದನ್ನು ಮೊದಲ ದಿನವೇ ಮಾಡಿ. ಅರಗಿನ ತಟ್ಟೆಗಳಿಗೆ ಅಗಲ ತುದಿಯ ಬೇರೆ ಮುಳ್ಳು ಬೇಕು, ಉದ್ದ ತಟ್ಟೆಯ ಸಣ್ಣ ಮುಳ್ಳಿನಲ್ಲಿ ಅವುಗಳನ್ನು ನುಡಿಸಬಾರದು. ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಗಾತ್ರ ಕುಗ್ಗಿಸದ ವೇವ್ (WAV) ಕಡತವಾಗಿ ಇಳಿಸಿ, ಅದನ್ನು ಮುಟ್ಟದೆ ಹಾಗೆಯೇ ಇಡಿ, ಶುಚಿ ಮಾಡುವುದೇನಿದ್ದರೂ ಇನ್ನೊಂದು ಪ್ರತಿಯಲ್ಲಿ ಮಾಡಿ. ಶುಚಿ ಮಾಡುವ ಉತ್ಸಾಹವೂ ಹದದಲ್ಲಿರಲಿ. ಸುಯ್ಯೆನ್ನುವ ಸದ್ದನ್ನು ಪೂರ್ತಿ ತೆಗೆಯಲು ಹೋದರೆ ಅದರ ಜೊತೆ ತಂಬೂರಿಯ ಝೇಂಕಾರವೂ ಹೋಗುತ್ತದೆ, ತಂಬೂರಿ ಹೋದ ಮೇಲೆ ಧ್ವನಿ ಗಾಳಿಯಲ್ಲಿ ನೇತುಬಿದ್ದ ಹಾಗೆ ಕೇಳಿಸುತ್ತದೆ.

ವೇಗದ ಮಾತು ಬೇರೆಯಾಗಿಯೇ ಹೇಳಬೇಕು. ಎರಡನೆಯ ವರ್ಷ ನಾನು ಬಹಳ ಹೆಮ್ಮೆಯಿಂದ ಒಂದು ಮನೆಯ ಟೇಪನ್ನು ಹಾಕಿದೆ. ಅರ್ಧ ನಿಮಿಷವೂ ಆಗಿರಲಿಲ್ಲ, ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದ ಹಿರಿಯರೊಬ್ಬರು ಕಣ್ಣು ತೆರೆಯದೆಯೇ, "ತಮ್ಮಾ, ಅವರು ಇಷ್ಟು ಮ್ಯಾಲೆ ಹಾಡೂದಿಲ್ಲ. ನಿನ್ನ ಮಷೀನು ಓಡಾಕ ಹತ್ತೇತಿ ನೋಡು" ಎಂದರು. ಅವರ ಮಾತು ನಿಜವಾಗಿತ್ತು. ಯಂತ್ರದ ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಹಾಡಿನ ಆಧಾರಸ್ವರವಾದ ಷಡ್ಜ ಹಾರ್ಮೋನಿಯಮ್ಮಿನ ಒಂದು ಪಟ್ಟಿಯಷ್ಟು ಮೇಲೇರುತ್ತದೆ, ಲಯವೂ ಅಷ್ಟೇ ಓಡುತ್ತದೆ, ಧ್ವನಿ ಎಳಸಾಗುತ್ತದೆ. ಆದ್ದರಿಂದ ಪ್ರತಿ ಮುದ್ರಿಕೆಯ ಷಡ್ಜವನ್ನೂ ಹಾರ್ಮೋನಿಯಮ್ಮಿನೊಡನೆ ಹೋಲಿಸಿ ಬರೆದಿಡಿ. ಸರಿಸುಮಾರು ಅದೇ ವರ್ಷಗಳ, ಕಂಪನಿಯಿಂದ ಹೊರಬಂದ ಮುದ್ರಿಕೆಗೂ ನಿಮ್ಮ ಟೇಪಿಗೂ ಒಂದು ಪಟ್ಟಿಯ ಅಂತರ ಕಂಡರೆ ಟೇಪನ್ನೇ ಸಂಶಯಿಸಿ.

ಎಲ್ಲ ಮುದ್ರಿಕೆಗಳಿಗೂ ಒಂದು ವಹಿ ಇರಲಿ. ರಾಗ, ಚೀಜಿನ (ಹಾಡಿದ ಬಂದಿಶಿನ ಸಾಹಿತ್ಯದ) ಮೊದಲ ಸಾಲು, ತಾಳ, ಎಷ್ಟು ನಿಮಿಷ, ಯಾವ ಮೂಲದಿಂದ ಬಂದದ್ದು, ಯಾರು ಕೊಟ್ಟದ್ದು, ಸ್ಥಿತಿ ಹೇಗಿದೆ ಎಂದು ಬರೆಯಿರಿ. ಕ್ಯಾಸೆಟ್ಟಿನ ಮೇಲಿನ ಚೀಟಿಯಲ್ಲಿ ಇರುವ ರಾಗದ ಹೆಸರನ್ನು, ಅದಕ್ಕಿಂತ ಹೆಚ್ಚಾಗಿ ಯೂಟ್ಯೂಬಿನಲ್ಲಿ ಬರೆದ ಹೆಸರನ್ನು, ನಂಬಿಕೊಂಡು ಕೂಡಬೇಡಿ. ಮನಸೂರರು ಹಾಡುತ್ತಿದ್ದ ಜಯಪುರ-ಅತ್ರೌಲಿ ಘರಾಣೆಯ, ಎಂದರೆ ಆ ಗಾಯನ ಪರಂಪರೆಯ, ಜೋಡರಾಗಗಳನ್ನು (ಎರಡು ರಾಗ ಬೆರೆತವುಗಳನ್ನು) ಗುರುತಿಸುವುದರಲ್ಲಿ ತಿಳಿದವರೂ ತಡವರಿಸುತ್ತಾರೆ; ಬೈಠಕ್ಕಿಗೆ ಮುಂಚೆ ಸಂಗೀತ ಬಲ್ಲ ಇಬ್ಬರಿಗೆ ಬೇರೆ ಬೇರೆಯಾಗಿ ಕೇಳಿಸಿ, ಇಬ್ಬರೂ ಒಂದೇ ಹೆಸರು ಹೇಳಿದರೆ ಮಾತ್ರ ಅದನ್ನು ಘೋಷಿಸಿ. ಸಭೆಯಲ್ಲಿ ತಪ್ಪು ಹೆಸರು ಹೇಳಿದರೆ ಧಾರವಾಡದ ಕೇಳುಗರು ಸುಮ್ಮನಿರುವವರಲ್ಲ, ಮುಂದಿನ ಹತ್ತು ನಿಮಿಷ ಅದೇ ಚರ್ಚೆಯಲ್ಲಿ ಹೋಗುತ್ತದೆ.

ಕಾಯ್ದೆಯ ವಿಷಯ ಚಿಕ್ಕದು, ಆದರೆ ಬಿಡುವ ಹಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಇರುತ್ತದೆ. ಹಾಗಾಗಿ 1930ರ ದಶಕದ ತಟ್ಟೆಗಳ ಮೇಲಿನ ಆ ಹಕ್ಕು ಮುಗಿದಿದೆ, ನಂತರದ ಕ್ಯಾಸೆಟ್ಟುಗಳದ್ದು ಮುಗಿದಿಲ್ಲ. ಲಾಭಕ್ಕಾಗಿ ಅಲ್ಲದೆ ನಡೆಯುವ ಸಂಘವು ತನ್ನ ಚಟುವಟಿಕೆಯ ಅಂಗವಾಗಿ ಮುದ್ರಿಕೆ ಕೇಳಿಸುವುದಕ್ಕೆ ಅದೇ ಕಾಯ್ದೆಯ 52ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ, ಪ್ರಾಯೋಜಕರನ್ನು ಹಿಡಿದರೆ, ಅಂತರ್ಜಾಲದಲ್ಲಿ ನೇರಪ್ರಸಾರ ಮಾಡಿದರೆ ಮಾತು ಬೇರೆಯಾಗುತ್ತದೆ. ಆಗ ಹಕ್ಕುದಾರರ ಪರವಾನಗಿಯನ್ನು ಮೊದಲೇ ಪಡೆಯಬೇಕು. ನಮ್ಮ ಬೈಠಕ್ಕಿಗೆ ಟಿಕೆಟ್ಟೂ ಇಲ್ಲ, ನೇರಪ್ರಸಾರವೂ ಇಲ್ಲ. ಊರಿನಲ್ಲೇ ಇದ್ದು ಮನೆಯಲ್ಲಿ ಕುಳಿತು ನೋಡುತ್ತೇನೆಂಬುವವರನ್ನು ಎಬ್ಬಿಸಿ ಕರೆತರುವುದಕ್ಕೂ ಅದು ಒಳ್ಳೆಯದೇ.

ಜಾಗ ಮತ್ತು ಧ್ವನಿ

ನಲವತ್ತರಿಂದ ಅರವತ್ತು ಜನಕ್ಕಿಂತ ಹೆಚ್ಚು ಹಿಡಿಸುವ ಜಾಗ ಬೇಡ. ದೊಡ್ಡ ಸಭಾಭವನಗಳು ನಮ್ಮಲ್ಲಿ ಸಾಕಷ್ಟಿವೆ, ಅವುಗಳಲ್ಲಿ ಒಂದಕ್ಕೆ ಮನಸೂರರದೇ ಹೆಸರಿದೆ, ಆದರೆ ಅರ್ಧ ತುಂಬದ ಭವನದಲ್ಲಿ ಮುದ್ರಿಕೆ ಕೇಳಿಸುವುದಕ್ಕಿಂತ ತುಂಬಿದ ಪಡಸಾಲೆಯಲ್ಲಿ ಕೇಳಿಸುವುದು ಉತ್ತಮ. ಹಳೆಯ ವಾಡೆಯ ಪಡಸಾಲೆ, ವಾಚನಾಲಯದ ಮೇಲಿನ ಕೋಣೆ, ಶಾಲೆಯ ಪ್ರಾರ್ಥನಾ ಮಂದಿರ ಇಂಥ ಯಾವುದಾದರೂ ಆಗಬಹುದು. ಜಾಗ ನೋಡಲು ಹೋದಾಗ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಮರಳಿ ಮರಳಿ ಬರುವಂತಿದ್ದರೆ ವೇಗದ ಸ್ವರಸರಣಿಗಳಾದ ತಾನುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಮನಸೂರರ ಹಾಡಿಕೆಯಲ್ಲಿ ಇದು ದೊಡ್ಡ ನಷ್ಟ, ಏಕೆಂದರೆ ಅವರು ಉದ್ದದ ಆಲಾಪಕ್ಕೆ ಕಾಯದೆ ಚೀಜನ್ನು ಎತ್ತಿಕೊಂಡು, ಒಂದು ಸ್ವರಗುಚ್ಛದಿಂದ ಇನ್ನೊಂದು ಹುಟ್ಟುವಂತೆ ಬಿಡುವಿಲ್ಲದೆ ಹೆಣೆಯುತ್ತ ಹೋಗುವವರು. ಆ ಹೆಣಿಗೆಯ ಎಳೆ ಎಳೆಯೂ ಬಿಡಿಸಿ ಕೇಳಬೇಕು. ಕಲ್ಲುಹಾಸಿನ ನೆಲಕ್ಕೆ ದಪ್ಪ ಜಮಖಾನ ಹಾಸಿ, ಎದುರು ಗೋಡೆಗೆ ಪರದೆ ಇಳಿಬಿಟ್ಟರೆ ಬಹಳ ಸುಧಾರಿಸುತ್ತದೆ. ನವಲಗುಂದದ ಜಮಖಾನ ಯಾರ ಮನೆಯಲ್ಲಾದರೂ ಇದ್ದರೆ ಕೇಳಿ ತನ್ನಿ, ಕಣ್ಣಿಗೂ ಚೆಂದ. ಮೊಣಕಾಲು ನೋವಿನವರಿಗೆ ಕುರ್ಚಿಗಳನ್ನು ಹಿಂದೆ ಮೂಲೆಗೆ ತಳ್ಳದೆ ಎರಡೂ ಬದಿಯ ಗೋಡೆಗುಂಟ ಹಾಕಿ.

ಬಾಡಿಗೆಯ ಧ್ವನಿವರ್ಧಕದವರು ಒಳ್ಳೆಯವರೇ, ಆದರೆ ಮದುವೆ ಮತ್ತು ಮೆರವಣಿಗೆಯ ಅಭ್ಯಾಸ ಅವರ ಕೈಗೆ ಹತ್ತಿರುತ್ತದೆ. ಎಕೋ ಪೂರ್ತಿ ತೆಗೆಯಿಸಿ, ಕೆಳದನಿಯನ್ನು ಏರಿಸಿರುವ ಗುಂಡಿಗಳನ್ನು ನಡುವಿಗೆ ತರಿಸಿ, ಬೈಠಕ್ ಮುಗಿಯುವ ತನಕ ನಿಮ್ಮಲ್ಲೊಬ್ಬರು ಅವರ ಪಕ್ಕದಲ್ಲೇ ಕುಳಿತಿರಿ. ಮನೆಯಲ್ಲಿ ಒಳ್ಳೆಯ ಎರಡು ಸ್ಪೀಕರುಗಳಿದ್ದವರು ಸಿಕ್ಕರೆ ಬಾಡಿಗೆಯ ಗೋಜೇ ಬೇಡ. ಐವತ್ತು ಜನಕ್ಕೆ ಅವು ಸಾಕು. ಹಳೆಯ ಮುದ್ರಿಕೆಗಳು ಒಂದೇ ಎಳೆಯವು (ಮೊನೊ) ಆದ್ದರಿಂದ ಎರಡೂ ಸ್ಪೀಕರುಗಳಿಗೆ ಅದೇ ಧ್ವನಿ ಹೋಗುವಂತೆ ಜೋಡಿಸಿ, ಇಲ್ಲದಿದ್ದರೆ ಅರ್ಧ ಕೋಣೆಗೆ ಮಾತ್ರ ಕೇಳಿಸಿ ಇನ್ನರ್ಧ ಸಿಟ್ಟಾಗುತ್ತದೆ. ಸ್ಪೀಕರು ನೆಲದ ಮೇಲೆ ಕುಳಿತವರ ಕಿವಿಯ ಮಟ್ಟಕ್ಕೆ, ಎಂದರೆ ಎರಡೂವರೆಯಿಂದ ಮೂರು ಅಡಿ ಎತ್ತರಕ್ಕೆ ಇರಲಿ. ಎಷ್ಟು ಜೋರು ಇಡಬೇಕೆಂಬುದಕ್ಕೆ ನನ್ನ ಅಳತೆ ಇಷ್ಟೆ: ಹಾಡುವವರು ಆ ಕೋಣೆಯಲ್ಲೇ ಮೈಕಿಲ್ಲದೆ ಕುಳಿತಿದ್ದಾರೆ ಎನ್ನಿಸಬೇಕು, ಹಿಂದಿನ ಸಾಲಿನವರಿಗೆ ತಂಬೂರಿ ಕೇಳಿಸಬೇಕು. ಕರೆಂಟು ಹೋದರೆ ನಡೆಸಲು ಇನ್ವರ್ಟರ್ ಇರಲಿ, ಮತ್ತು ಅದನ್ನು ಹಿಂದಿನ ದಿನ ನಿಜವಾಗಿಯೂ ಪ್ಲಗ್ ಕಿತ್ತು ಪರೀಕ್ಷಿಸಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲವೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ; ಏಳಕ್ಕೆ, ಅದೂ ನಾಲ್ಕು ಗೋಡೆಗಳ ಒಳಗೆ ನಡೆಯುವ ಬೈಠಕ್ಕಿಗೆ ಆ ತೊಡಕಿಲ್ಲ. ಅಂಗಳದಲ್ಲಿ ನಡೆಸುವುದಾದರೆ ಪೊಲೀಸ್ ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಮನಸೂರರ ಭಾವಚಿತ್ರವೊಂದು, ಅದರ ಮುಂದೆ ಒಂದು ದೀಪ, ಅಷ್ಟು ಸಾಕು. ಅಲಂಕಾರಕ್ಕೆಂದು ತಂಬೂರಿಯನ್ನು ಇಟ್ಟರೆ ಇಡಿ, ಆದರೆ ಮುದ್ರಿಕೆಯ ಜೊತೆ ಅದನ್ನು ನುಡಿಸಲು ಯಾರಿಗೂ ಬಿಡಬೇಡಿ. ಒಂದೊಂದು ಮುದ್ರಿಕೆಯ ಷಡ್ಜ ಒಂದೊಂದು ಕಡೆ ಇರುತ್ತದೆ. ಫ್ಲೆಕ್ಸ್ ಹಾಕಿಸುವ ಯೋಚನೆಯನ್ನು ಬಿಟ್ಟುಬಿಡಿ. ಕರ್ನಾಟಕದಲ್ಲಿ 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಅದೂ ಸೇರಿದೆ. ಕೈಬರಹದ ಒಂದು ಹಾಳೆಯನ್ನು ವಾಚನಾಲಯ, ಸಂಗೀತ ಶಾಲೆ ಮತ್ತು ಎರಡು ಪುಸ್ತಕದಂಗಡಿಗಳಲ್ಲಿ ಅಂಟಿಸಿದರೆ ಬರಬೇಕಾದವರು ಬರುತ್ತಾರೆ. ಹುಬ್ಬಳ್ಳಿಯಿಂದ ಬರುವವರಿಗಾಗಿ ಚಿಗರಿ ಬಸ್ಸಿನ ಯಾವ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಎಷ್ಟು ದೂರ ನಡೆಯಬೇಕು ಎಂಬುದನ್ನು ಆ ಹಾಳೆಯಲ್ಲೇ ಬರೆಯಿರಿ.

ಯಾವುದರ ನಂತರ ಯಾವುದು

ಮೂರು ಗಂಟೆಯ ಬೈಠಕ್ಕಿನಲ್ಲಿ ಮುದ್ರಿಕೆಗಳ ಒಟ್ಟು ಹೊತ್ತು ಎರಡು ಗಂಟೆ ಮೀರಬಾರದು. ಕಿವಿಗೂ ದಣಿವುಂಟು, ಅದರಲ್ಲೂ ಅಪೂರ್ವ ರಾಗಗಳನ್ನು ಒಂದರ ಹಿಂದೊಂದು ಕೇಳುವಾಗ. ಹದಿನೆಂಟರಿಂದ ಇಪ್ಪತ್ತೈದು ನಿಮಿಷದ ನಾಲ್ಕು ರಾಗಗಳು, ಎರಡು ಹಳೆಯ ತಟ್ಟೆಗಳು, ಎರಡು ವಚನಗಳು, ಕೊನೆಗೆ ಒಂದು ಭೈರವಿ ಎಂದು ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಯಾವ ರಾಗವನ್ನೂ ನಡುವೆ ಕತ್ತರಿಸಬೇಡಿ, ದನಿ ಇಳಿಸುತ್ತ ಮುಗಿಸಬೇಡಿ. ಉದ್ದವಾಯಿತೆನಿಸಿದರೆ ಅದನ್ನು ಬಿಟ್ಟು ಚಿಕ್ಕದೊಂದನ್ನು ಆರಿಸಿ.

ಸೆಪ್ಟೆಂಬರ್ 12ಕ್ಕೆ ಇನ್ನೊಂದು ಸಂಬಂಧವಿದೆ. ಕುಂದಗೋಳದ ಗಾಯಕ ಸವಾಯಿ ಗಂಧರ್ವರು ತೀರಿಕೊಂಡದ್ದೂ ಅದೇ ತಾರೀಖಿನಂದು, 1952ರಲ್ಲಿ, ಮನಸೂರರಿಗಿಂತ ಸರಿಯಾಗಿ ನಲವತ್ತು ವರ್ಷ ಮೊದಲು. ಅವರದು ಕಿರಾಣಾ ಘರಾಣೆ, ಇವರದು ಜಯಪುರ. ದಾರಿಗಳು ಬೇರೆ, ನೆಲ ಒಂದೇ. ಆದ್ದರಿಂದ ನಾವು ಜನ ಬಂದು ಕೂಡುವ ಹೊತ್ತಿನಲ್ಲಿ, ಏಳಕ್ಕೆ ಐದು ನಿಮಿಷ ಇರುವಾಗ, ಸವಾಯಿ ಗಂಧರ್ವರ ಒಂದು 78 ಸುತ್ತಿನ ತಟ್ಟೆಯನ್ನು ಹಾಕುತ್ತೇವೆ. ಮೂರು ನಿಮಿಷದಲ್ಲಿ ಮಾತೆಲ್ಲ ತಾನಾಗಿ ನಿಂತಿರುತ್ತದೆ.

ಏಳಕ್ಕೆ ಶಿವಮತ ಭೈರವ. ಅದರ ನಂತರ ಖಟ್ ಅಥವಾ ಬಹಾದುರಿ ತೋಡಿ, ಎರಡನ್ನೂ ಒಂದೇ ದಿನ ಬೇಡ, ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ಹೊಸಬರಿಗೆ ಗೊಂದಲವಾಗುತ್ತದೆ. ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಬಿಲಾವಲ್ ಪ್ರಕಾರಗಳು, ಲಚ್ಛಾಸಾಖ್ ಅಥವಾ ಯಮನಿ ಬಿಲಾವಲ್. ಭೈರವದ ಕೋಮಲ ಸ್ವರಗಳಿಂದ ಬಿಲಾವಲದ ಶುದ್ಧ ಸ್ವರಗಳಿಗೆ ಬರುವಾಗ ಕೋಣೆಯಲ್ಲಿ ಬೆಳಕು ಹೆಚ್ಚಾದ ಹಾಗೆ ಎನಿಸುತ್ತದೆ. ಕಿಟಕಿ ಪೂರ್ವಕ್ಕಿದ್ದರೆ ನಿಜವಾಗಿಯೂ ಹೆಚ್ಚಾಗಿರುತ್ತದೆ.

ಪ್ರತಿ ರಾಗಕ್ಕೆ ಮುಂಚೆ ಎರಡು ನಿಮಿಷದ ಪರಿಚಯ ಸಾಕು, ಅದೂ ಮಾತಿಗಿಂತ ಸ್ವರದಲ್ಲಿ. ಸಂಗೀತ ಕಲಿಯುತ್ತಿರುವ ಯಾರಾದರೂ ಹಾರ್ಮೋನಿಯಮ್ಮಿನ ಮೇಲೆ ರಾಗದ ಮುಖ್ಯ ಸ್ವರಗುಚ್ಛವನ್ನು ನುಡಿಸಿ ತೋರಿಸಲಿ. ಉದಾಹರಣೆಗೆ ಸಂಜೆಯ ಬೈಠಕ್ಕಿನಲ್ಲಿ ಸಂಪೂರ್ಣ ಮಾಲಕಂಸ ಹಾಕುವುದಾದರೆ, ಎಲ್ಲರೂ ಬಲ್ಲ ಮಾಲಕಂಸದಲ್ಲಿ ರಿಷಭ ಪಂಚಮಗಳಿಲ್ಲವೆಂದೂ ಇದರಲ್ಲಿ ಆ ಎರಡೂ ಬರುತ್ತವೆಂದೂ ನುಡಿಸಿ ತೋರಿಸಿದರೆ, ಕೇಳುವವರು ಅವು ಎಲ್ಲಿ ಬರುತ್ತವೆಂದು ಕಾಯುತ್ತ ಕೂಡುತ್ತಾರೆ. ಬಸಂತಿ ಕೇದಾರಕ್ಕೆ ಬಸಂತದ ಒಂದು ತುಣುಕು, ಕೇದಾರದ ಒಂದು ತುಣುಕು ನುಡಿಸಿದರೆ ಬೇರೆ ವಿವರಣೆ ಬೇಡ. ತೀನತಾಲದ ಹದಿನಾರು ಮಾತ್ರೆಗಳನ್ನು ಒಮ್ಮೆ ಕೈಯಿಂದ ಎಣಿಸಿ ಮೊದಲ ಮಾತ್ರೆಯಾದ ಸಮ್ ಎಲ್ಲಿದೆ ಎಂದು ತೋರಿಸಿದ್ದರಿಂದ, ಎಂದೂ ಶಾಸ್ತ್ರೀಯ ಸಂಗೀತ ಕೇಳದ ಕಾಲೇಜು ಹುಡುಗರಿಬ್ಬರು ಬೈಠಕ್ ಮುಗಿಯುವಷ್ಟರಲ್ಲಿ ಪ್ರತಿ ಸಮ್ಮಿಗೂ ತಲೆದೂಗುತ್ತಿದ್ದುದನ್ನು ಕಂಡಿದ್ದೇನೆ.

ಒಂಬತ್ತರ ಸುಮಾರಿಗೆ ಬಿಡುವು. ಉಪ್ಪಿಟ್ಟು, ಶಿರಾ, ಚಹಾ. ಇವುಗಳನ್ನು ಆರಿಸಿದ್ದಕ್ಕೂ ಕಾರಣವಿದೆ: ಮೆತ್ತಗಿರುವುದರಿಂದ ಸದ್ದು ಮಾಡುವುದಿಲ್ಲ. ಒಂದು ವರ್ಷ ಉತ್ಸಾಹಿಗಳೊಬ್ಬರು ಎಲ್ಲರಿಗೂ ಗಿರ್ಮಿಟ್ಟು ಕಟ್ಟಿಸಿಕೊಂಡು ಬಂದಿದ್ದರು, ಬಿಡುವು ಮುಗಿದು ಮುದ್ರಿಕೆ ಶುರುವಾದ ಮೇಲೂ ಕಾಗದದ ಪೊಟ್ಟಣಗಳ ಸಪ್ಪಳ ಹದಿನೈದು ನಿಮಿಷ ನಿಲ್ಲಲಿಲ್ಲ.

ಬಿಡುವಿನ ನಂತರ ಹಳೆಯ ತಟ್ಟೆಗಳನ್ನು ಹಾಕುವುದರಲ್ಲಿ ಒಂದು ಉದ್ದೇಶವಿದೆ. ಮನಸೂರರು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ ಕಲಿತು, ಮುಂದೆ ಮಿರಜಿನ ನೀಲಕಂಠಬುವಾ ಆಲೂರಮಠ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತವರು. ಜಯಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಶಿಷ್ಯರಾದದ್ದು ಆಮೇಲೆ. ಮಂಜಿ ಖಾನರು 1937ರಲ್ಲಿ ತೀರಿಕೊಂಡ ನಂತರ ಅವರ ತಮ್ಮ ಭೂರ್ಜಿ ಖಾನರಲ್ಲಿ ಕಲಿಕೆ ಮುಂದುವರಿಯಿತು. ಆದ್ದರಿಂದ ಮೊದಮೊದಲ ತಟ್ಟೆಗಳಲ್ಲಿ ಕೇಳಿಸುವುದು ಗ್ವಾಲಿಯರಿನ ಯುವಕ. ಜಯಪುರದ ಮುಪ್ಪಿನ ಧ್ವನಿಯನ್ನು ಎರಡು ಗಂಟೆ ಕೇಳಿದ ಕಿವಿಗೆ, ಮೂರು ನಿಮಿಷದಲ್ಲಿ ಸ್ಥಾಯಿ, ಅಂತರಾ, ತಾನು ಎಲ್ಲವನ್ನೂ ಮುಗಿಸಬೇಕಾದ ಆ ಇಪ್ಪತ್ತರ ಹರೆಯದ ವೇಗ ಬೇರೆಯವರದೆಂಬಂತೆ ಕೇಳಿಸುತ್ತದೆ. ಕಾಲಾನುಕ್ರಮದಲ್ಲಿ ಇವನ್ನೇ ಮೊದಲು ಹಾಕಬೇಕೆಂದು ವಾದಿಸುವವರಿದ್ದಾರೆ. ಬೇಡ, ಮೊದಲು ಹಾಕಿದರೆ ಚರ್ರೆನ್ನುವ ಸದ್ದಿಗೇ ಹೊಸಬರು ಬೇಸರಪಟ್ಟುಕೊಳ್ಳುತ್ತಾರೆ, ಪಳಗಿದ ಕಿವಿಗೆ ಆ ಸದ್ದು ತಡೆಯಾಗುವುದಿಲ್ಲ.

ವಚನಗಳ ಹೊತ್ತಿಗೆ ಕೋಣೆಯ ಹವೆಯೇ ಬದಲಾಗುತ್ತದೆ. ರಾಗ ತಾಳಗಳ ಪರಿಚಯವಿಲ್ಲದವರಿಗೂ ವಚನದ ಮಾತು ಮೊದಲೇ ಗೊತ್ತಿರುತ್ತದೆ, ಕೆಲವರು ಜೊತೆಗೆ ಗುನುಗುತ್ತಾರೆ. ಗುನುಗಲಿ. ಮುಂಚಿನ ಎರಡು ಗಂಟೆ ನಾವು ಬಹಳ ಕಟ್ಟುನಿಟ್ಟಾಗಿರುತ್ತೇವೆ, ಇಲ್ಲಿ ಸಡಿಲಬಿಡುತ್ತೇವೆ.

ಕಟ್ಟುನಿಟ್ಟು ಎಂದರೆ ಇಷ್ಟೆ: ಮೊಬೈಲುಗಳು ಬಾಗಿಲ ಬಳಿಯ ಬುಟ್ಟಿಯಲ್ಲಿ, ರಾಗ ಶುರುವಾದ ಮೇಲೆ ಒಳಗೆ ಬರುವುದೂ ಹೊರಗೆ ಹೋಗುವುದೂ ಇಲ್ಲ, ಮುಗಿದ ಕೂಡಲೇ ಚಪ್ಪಾಳೆ ಬೇಡ. ಆದರೆ ಒಳ್ಳೆಯ ಜಾಗ ಬಂದಾಗ ಯಾರಾದರೂ "ಆಹಾ" ಎಂದರೆ ಅವರತ್ತ ತಿರುಗಿ ನೋಡಬೇಡಿ. ಹಾಡಿದವರು ಇಲ್ಲವಾದ್ದರಿಂದ ದಾದು ಕೊಡುವುದು ವ್ಯರ್ಥವೆಂದು ಕೆಲವರು ಹೇಳುತ್ತಾರೆ. ಬೈಠಕ್ಕಿನಲ್ಲಿ ಹಿಡಿದ ಟೇಪುಗಳಲ್ಲಿ ಅಂದಿನ ಕೇಳುಗರ ದಾದು ಕೇಳಿಸುತ್ತದೆ, ಅದೇ ಜಾಗಕ್ಕೆ ನಮ್ಮವರೂ "ವಾಹ್" ಎಂದಾಗ ಬೈಠಕ್ಕಿಗೆ ಬಣ್ಣ ಕಟ್ಟುತ್ತದೆ.

ಹಾಡುವ ಹುಡುಗರು ಇದ್ದಾರೆ, ಅವರಿಗೂ ಅವಕಾಶ ಕೊಡಿ ಎಂಬ ಒತ್ತಾಯ ಬಂದೇ ಬರುತ್ತದೆ. ಕೊಡಬಹುದು, ಆದರೆ ಮನಸೂರರ ಮುದ್ರಿಕೆಯ ಬೆನ್ನಿಗೆ, ಅದೂ ಅದೇ ರಾಗವನ್ನು, ಹತ್ತೊಂಬತ್ತು ವರ್ಷದ ಹುಡುಗಿಯಿಂದ ಹಾಡಿಸುವುದು ಅವಳಿಗೆ ಮಾಡುವ ಅನ್ಯಾಯ. ನಾವು ಒಬ್ಬರನ್ನು ಮಾತ್ರ, ಬಿಡುವಿನ ನಂತರ, ಬೇರೆ ರಾಗವನ್ನು, ಇಪ್ಪತ್ತು ನಿಮಿಷ ಹಾಡಲು ಕರೆಯುತ್ತೇವೆ. ಆ ವರ್ಷ ಒಂದು ಮುದ್ರಿಕೆ ಕಡಿಮೆ.

ನೆನಪುಗಳನ್ನು ಹಿಡಿದಿಡುವುದು

ಅವರನ್ನು ಎದುರಿಗೆ ಕುಳಿತು ಕೇಳಿದವರು ಈ ಊರಿನಲ್ಲಿ ಇನ್ನೂ ಇದ್ದಾರೆ, ಆದರೆ ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅವರು ಮಾತನಾಡುವುದು ಭಾಷಣವಲ್ಲ, ಅದಕ್ಕೆ ಜಾಗ ಇರಬೇಕು. ಮೂವರು, ತಲಾ ಐದು ನಿಮಿಷ, ಕುಳಿತಲ್ಲಿಂದಲೇ. "ಮಹಾನ್ ಗಾಯಕರಾಗಿದ್ದರು" ಎಂಬ ಮಾತು ಬೇಡವೆಂದೂ, ಯಾವ ಊರಿನ ಯಾವ ಬೈಠಕ್ಕು, ಯಾವ ರಾಗ, ತಬಲಾ ಯಾರದು, ಹೊರಗೆ ಮಳೆ ಇತ್ತೇ ಎಂಬುದನ್ನು ಹೇಳಿರೆಂದೂ ಮೊದಲೇ ಅವರ ಮನೆಗೆ ಹೋಗಿ ಕೇಳಿಕೊಳ್ಳಿ. ಒಪ್ಪಿಗೆ ಪಡೆದು ಮಾತನ್ನು ಮುದ್ರಿಸಿಕೊಳ್ಳಿ. ನೆನಪು ಹೇಳುವವರು ಯಾರೂ ಸಿಗದ ವರ್ಷ ಮನಸೂರರ ಆತ್ಮಕಥೆ 'ನನ್ನ ರಸಯಾತ್ರೆ'ಯಿಂದ ಎರಡು ಪುಟ ಓದಿಸಿ. ಓದುವವರಿಗೆ ಧ್ವನಿ ಚೆನ್ನಾಗಿರುವುದಕ್ಕಿಂತ ಆ ಕಾಲದ ಧಾರವಾಡದ ಮಾತಿನ ಪರಿಚಯ ಇರುವುದು ಮುಖ್ಯ. ಹೊರ ಊರುಗಳಿಂದ ಬಂದವರಿಗೆ ಅವರು ವಾಸವಾಗಿದ್ದ 'ಮೃತ್ಯುಂಜಯ' ಮನೆ ಈಗ ಸ್ಮಾರಕವಾಗಿರುವುದನ್ನು ತಿಳಿಸಿ, ತೆರೆದಿರುವ ಹೊತ್ತನ್ನು ವಿಚಾರಿಸಿಟ್ಟಿದ್ದರೆ ಬೈಠಕ್ ಮುಗಿಸಿ ನೇರವಾಗಿ ಅಲ್ಲಿಗೆ ಹೋಗುತ್ತಾರೆ.

ಹತ್ತು ಗಂಟೆಗೆ ಭೈರವಿ. ಅದರ ನಂತರ ಯಾರೂ ಏನೂ ಹೇಳಬಾರದು, ವಂದನಾರ್ಪಣೆಯನ್ನೂ ಮಾಡಬಾರದು. ಉಪಕಾರ ಹೇಳಬೇಕಾದವರಿಗೆ ಚಹಾದ ಹೊತ್ತಿನಲ್ಲೇ ಹೇಳಿ ಮುಗಿಸಿರಿ.

ಮರುದಿನದ ಕೆಲಸ ಸ್ವಲ್ಪ ಉಳಿದಿರುತ್ತದೆ. ಇಸಿದುಕೊಂಡ ಕ್ಯಾಸೆಟ್ಟುಗಳನ್ನೂ ತಟ್ಟೆಗಳನ್ನೂ ಒಂದು ವಾರದೊಳಗೆ ಅವರವರ ಮನೆಗೆ ನೀವೇ ಒಯ್ದು ಮುಟ್ಟಿಸಿ, ಜೊತೆಗೆ ಅದರ ಹೊಸ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಡಿ. ಎಷ್ಟೋ ಮನೆಗಳಲ್ಲಿ ಟೇಪು ಇದ್ದರೂ ನುಡಿಸುವ ಯಂತ್ರ ಕೆಟ್ಟು ವರ್ಷಗಳಾಗಿರುತ್ತವೆ. ಅಲ್ಲೇ ಕುಳಿತು ಒಮ್ಮೆ ಕೇಳಿಸಿದರೆ, ಒಳಗಿನಿಂದ ಇನ್ನೆರಡು ಕ್ಯಾಸೆಟ್ಟುಗಳು ಹೊರಗೆ ಬರುತ್ತವೆ. ಅವುಗಳನ್ನು ಮುಂದಿನ ವರ್ಷದ ವಹಿಯಲ್ಲಿ ಬರೆದುಕೊಳ್ಳಿ.